ಕಪ್ಪತಗುಡ್ಡಕ್ಕೆ ಯಾವ ಲೆನ್ಸು? ನಮ್ಮ ಕಾಕಾ ಕ್ಯಾಮೆರಾ ಕೊಂಡ ಪ್ರಕರಣ

2024ರ ಜುಲೈ. ಧಾರವಾಡದಲ್ಲಿ ನಾಲ್ಕು ದಿನದಿಂದ ಜಿಟಿಜಿಟಿ ಮಳೆ, ಮನೆ ತುಂಬಾ ಒಣಗದ ಅರಿವೆಗಳ ವಾಸನೆ. ಗದಗದಿಂದ ಕಾಕಾ ಫೋನ್ ಮಾಡಿದರು.

"ಏ ತಮ್ಮಾ, ರಿಟೈರ್ ಆದ ರೊಕ್ಕದಾಗ ಒಂದು ಲಕ್ಷದ ಇಪ್ಪತ್ತು ಸಾವಿರ ಬ್ಯಾರೆ ತಗದಿಟ್ಟೇನಿ. ನಿಮ್ಮ ಕಾಕುಗ ಹೇಳಿಲ್ಲ. ಒಂದು ಛಲೋ ಕ್ಯಾಮೆರಾ ತಗೋಬೇಕು. ಯಾವ್ದು ತಗೋಲಿ ಹೇಳು."

ಹೀಗೆ ಶುರುವಾದ ವ್ಯವಹಾರ ಮುಗಿಯಲು ಮೂರು ತಿಂಗಳು ಹಿಡಿಯಿತು. ಅದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಯಾಕೆಂದರೆ "ತಿರುಗಾಡೋಕೆ, ಗುಡ್ಡ-ಬೆಟ್ಟದ ಫೋಟೋಕ್ಕೆ ಯಾವ ಕ್ಯಾಮೆರಾ ಚೆನ್ನಾಗಿರುತ್ತೆ" ಅಂತ ನನ್ನನ್ನು ಕೇಳುವವರು ತಿಂಗಳಿಗೆ ಒಬ್ಬರಾದರೂ ಇರುತ್ತಾರೆ, ನಾನೂ ವರ್ಷಗಟ್ಟಲೆ ಒಂದೇ ಉತ್ತರ ಕೊಡುತ್ತಾ ಬಂದಿದ್ದೆ, ಆ ಉತ್ತರದಲ್ಲಿ ಅರ್ಧ ತಪ್ಪಿತ್ತು ಅಂತ ಕಾಕಾನ ಜೊತೆ ಸುತ್ತಾಡಿದ ಮೇಲೆ ಗೊತ್ತಾಯಿತು.

ಮೊದಲು ಗಿರಾಕಿಯ ಪರಿಚಯ. ವಯಸ್ಸು 61. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮಾಸ್ತರಾಗಿದ್ದವರು. ಮನೆ ಬೆಟಗೇರಿಯಲ್ಲಿ. ಎಡ ಮೊಣಕಾಲು ಸರಿ ಇಲ್ಲ. ಕಾರಿಲ್ಲ, ಓಡಿಸಲೂ ಬರುವುದಿಲ್ಲ. ಎಲ್ಲಿಗೆ ಹೋದರೂ ವಾಯವ್ಯ ಸಾರಿಗೆಯ ಬಸ್ಸು, ಇಲ್ಲವೇ ರೈಲು. ಬಸ್ಸು ಅಂದರೆ ಚೀಲ ತೊಡೆಯ ಮೇಲೆ, ಸೀಟು ಸಿಗದಿದ್ದರೆ ಹೆಗಲ ಮೇಲೆ. ಕ್ಯಾಮೆರಾ ಬಗ್ಗೆ ಬರೆಯುವವರು, ವಿಡಿಯೋ ಮಾಡುವವರು ಈ ಬಸ್ಸಿನ ವಿಷಯವನ್ನೇ ಎತ್ತುವುದಿಲ್ಲ. ಅವರೆಲ್ಲ ಕಾರಿನಲ್ಲಿ ಹೋಗುತ್ತಾರೋ ಏನೋ.

ಏನೇನು ತೆಗೆಯುತ್ತೀರಿ ಅಂತ ಕೇಳಿದೆ. "ಗುಡ್ಡ, ಹೊಲ, ಕೆರಿ, ಹಳೇ ಗುಡಿ. ಮದುವಿ ಬ್ಯಾಡ, ಹಕ್ಕಿ ಬ್ಯಾಡ, ವಿಡಿಯೋ ಅಂತೂ ಬ್ಯಾಡೇ ಬ್ಯಾಡ." ವರ್ಷಕ್ಕೆ ಒಂದೆರಡು ದೂರದ ಪ್ರವಾಸ. ಉಳಿದಂತೆ ಗದಗ, ಹಾವೇರಿಯ ಸುತ್ತಮುತ್ತ: ಲಕ್ಕುಂಡಿ, ಡಂಬಳ, ಚೌಡಯ್ಯದಾನಪುರ, ಗಳಗನಾಥ. ಎಲ್ಲಕ್ಕಿಂತ ಜಾಸ್ತಿ ಕಪ್ಪತಗುಡ್ಡ. ಚೆನ್ನಾಗಿ ಬಂದದ್ದನ್ನು 12×18 ಇಂಚಿನ ಪ್ರಿಂಟ್ ಹಾಕಿಸಿ ಗೋಡೆಗೆ ಹಚ್ಚಬೇಕು. ಅಷ್ಟೇ ಆಸೆ.

ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಆದರೆ ನನಗಿಂತ ಮುಂಚೆ ಕಾಕಾ ಪರಿಚಯದ ಮದುವೆ ಫೋಟೋಗ್ರಾಫರ್ ಒಬ್ಬರನ್ನು ಕೇಳಿಬಿಟ್ಟಿದ್ದರು. ಅವರು ಹೇಳಿದ್ದು ಹಳೇ ಫುಲ್ ಫ್ರೇಮ್ (ಬೆಳಕು ಹಿಡಿಯುವ ಚಿಪ್ಪು, ಅಂದರೆ ಸೆನ್ಸರ್, ದೊಡ್ಡದಿರುವ) ಡಿಎಸ್‌ಎಲ್‌ಆರ್ ಕ್ಯಾಮೆರಾ, ಜೊತೆಗೆ 24-70 ಮತ್ತು 70-200 ಎಂಎಂ ಲೆನ್ಸುಗಳು, ಎರಡೂ ಎಫ್ 2.8. (ಎಂಎಂ ಅಂಕಿ ಚಿಕ್ಕದಿದ್ದರೆ ವೈಡ್, ಅಗಲ ನೋಟ; ದೊಡ್ಡದಿದ್ದರೆ ಉದ್ದ ಲೆನ್ಸು, ದೂರದ್ದು ಹತ್ತಿರ ಕಾಣುತ್ತದೆ. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ, ಅಂದರೆ ಅಪರ್ಚರ್, ದೊಡ್ಡದು, ಬೆಳಕು ಜಾಸ್ತಿ.) ಸೆಕೆಂಡ್ ಹ್ಯಾಂಡ್ ಹುಡುಕಿದರೆ ಬಜೆಟ್ಟಿಗೆ ಸ್ವಲ್ಪ ಮೇಲೆ ಬರುತ್ತದೆ, ಆದರೆ ಜೀವಮಾನಕ್ಕೆ ಸಾಕು ಅಂತ.

ಅವರ ಮಾತು ಸುಳ್ಳಲ್ಲ. ಅವರ ದಂಧೆಗೆ ಅದು ಸರಿ. ಕಲ್ಯಾಣ ಮಂಟಪದಲ್ಲಿ ರಾತ್ರಿ ಆರತಕ್ಷತೆ, ಜನ ನಿಂತಲ್ಲಿ ನಿಲ್ಲುವುದಿಲ್ಲ, ಬೆಳಕು ಸಾಲುವುದಿಲ್ಲ. ಅಲ್ಲಿ ಎಫ್ 2.8 ಬೇಕೇ ಬೇಕು. ಗುಡ್ಡ ಮಾತ್ರ ಎಲ್ಲೂ ಓಡಿಹೋಗುವುದಿಲ್ಲವಲ್ಲ. ಗುಡ್ಡದ ಫೋಟೋ ತೆಗೆಯುವವನು ಕಾಲ ಹತ್ತಿರದ ಕಲ್ಲಿನಿಂದ ದೂರದ ದಿಗಂತದವರೆಗೆ ಎಲ್ಲಾ ಸ್ಪಷ್ಟ ಬರಲಿ ಅಂತ ಲೆನ್ಸನ್ನು ಎಫ್ 8ಕ್ಕೋ 11ಕ್ಕೋ ಮುಚ್ಚುತ್ತಾನೆ. ಎಫ್ 8ರಲ್ಲಿ ಕ್ಯಾಮೆರಾ ಜೊತೆಗೇ ಬರುವ ಸಾದಾ ಕಿಟ್ ಲೆನ್ಸಿಗೂ ಆ ದುಬಾರಿ ಲೆನ್ಸಿಗೂ ಇರುವ ವ್ಯತ್ಯಾಸ 12×18 ಪ್ರಿಂಟಿನಲ್ಲಿ ಹುಡುಕಿ ನೋಡಬೇಕು. ದುಡ್ಡು ಕೊಟ್ಟಿದ್ದು ದೊಡ್ಡ ಬಾಯಿಗೆ, ಆ ಬಾಯಿ ತೆರೆಯುವುದೇ ಇಲ್ಲ ಅಂದರೆ ಏನುಪಯೋಗ? ಹಾಗಂತ ಪೂರ್ತಿ ಮುಚ್ಚಲೂಬಾರದು. ಎಫ್ 22ಕ್ಕೆ ಹೋದರೆ ಬೆಳಕು ಸಣ್ಣ ತೂತಿನ ಅಂಚಿನಲ್ಲಿ ಚದುರಿ ಇಡೀ ಚಿತ್ರ ಮೆತ್ತಗಾಗುತ್ತದೆ.

ಇನ್ನು ತೂಕ. ಉದಾಹರಣೆಗೆ ನಿಕಾನ್ ಡಿ750 ಬ್ಯಾಟರಿ ಸೇರಿ 840 ಗ್ರಾಂ, ಹಳೇ 24-70 ಎಫ್ 2.8 ಸುಮಾರು 900 ಗ್ರಾಂ, 70-200 ಎಫ್ 2.8 ಒಂದೇ ಒಂದೂವರೆ ಕಿಲೋ ಹತ್ತಿರ. ಕೂಡಿಸಿದರೆ ಮೂರು ಕಿಲೋ ದಾಟಿತು, ಇನ್ನೂ ಟ್ರೈಪಾಡ್ ಬಂದಿಲ್ಲ. ಕಾಕಾಗೆ ಇದನ್ನು ಬಾಯಲ್ಲಿ ಹೇಳಿದರೆ "ಏನ್ ಮಹಾ, ಮೂರು ಕಿಲೋ" ಅಂದರು. ಸರಿ, ಬೆಟಗೇರಿಗೇ ಹೋದೆ. ಅಡುಗೆ ಮನೆಯಿಂದ ಮೂರು ಕಿಲೋ ಜೋಳದ ಹಿಟ್ಟು ತೂಗಿ, ಉದ್ದ ಪಟ್ಟಿಯ ಬಟ್ಟೆ ಚೀಲಕ್ಕೆ ತುಂಬಿ, ಕೊರಳಿಗೆ ಹಾಕಿಕೊಂಡು ಮಾಳಿಗೆ ಹತ್ತಿ ಇಳಿಯಿರಿ ಅಂದೆ. ಹತ್ತು ಸಲ. ಕಾಕು ಒಲೆಯ ಮುಂದೆ ನಿಂತು ಸುಮ್ನೆ ನೋಡುತ್ತಿದ್ದರು, ಏನೂ ಕೇಳಲಿಲ್ಲ. ಆರನೇ ಸಲಕ್ಕೆ ಕಾಕಾ ಮೆಟ್ಟಿಲ ಮೇಲೆ ಕೂತರು. "ಇದು ನನ್ನ ಕೈಲೆ ಆಗೂದಿಲ್ಲೋ ತಮ್ಮಾ."

ಆದರೂ ಫುಲ್ ಫ್ರೇಮ್ ಆಸೆ ಬಿಡಲಿಲ್ಲ. ಒಂದು ಬಾಡಿ, ಒಂದು ಲೆನ್ಸು ಸಾಕು, ಹಳೇದಾದರೂ ಪರವಾಗಿಲ್ಲ ಅಂದರು. ಹುಬ್ಬಳ್ಳಿಯಲ್ಲಿ ಒಂದು ಕಡೆ ಸೆಕೆಂಡ್ ಹ್ಯಾಂಡ್ ಸೆಟ್ ಇದೆ ಅಂತ ಸುದ್ದಿ ಬಂತು, ಇಬ್ಬರೂ ಹೋದೆವು. ಹೊರಗಿನಿಂದ ಫಳಫಳ. ಬಾಡಿ ಕೈಯಲ್ಲಿ ಹಿಡಿದು ಕಾಕಾನ ಮುಖ ಅರಳಿತ್ತು. ನಾನು ಲೆನ್ಸು ಬಿಚ್ಚಿ, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು, ಮುಂದಿನ ಗಾಜಿನಿಂದ ಸ್ವಲ್ಪ ಓರೆಯಾಗಿ ನೋಡಿದೆ. ನೇರ ನೋಡಿದರೆ ಏನೂ ಕಾಣಲಿಲ್ಲ. ಓರೆ ಮಾಡಿದಾಗ ಒಳಗಿನ ಮೂರನೇ ಗಾಜೋ ನಾಲ್ಕನೆಯದೋ, ಅದರ ಅಂಚಿನಿಂದ ಒಳಕ್ಕೆ ಜೇಡರ ಬಲೆಯ ಎಳೆಗಳಂತೆ ಬೆಳ್ಳನೆಯ ಕವಲು. ಫಂಗಸ್. ಕಾಕಾಗೆ ತೋರಿಸಿದೆ. ಅಂಗಡಿಯವರು "ಅದು ಧೂಳು ರೀ ಸರ, ಒರೆಸಿದ್ರ ಹೋಗ್ತದ" ಅಂದರು. ಗಾಜಿನ ಒಳಗೆ ಬೆಳೆದದ್ದನ್ನು ಹೊರಗಿನಿಂದ ಒರೆಸುವ ವಿದ್ಯೆ ನನಗೆ ಗೊತ್ತಿಲ್ಲ. ಬಿಲ್ ಇದೆಯಾ ಅಂದರೆ ಅದೂ ಇಲ್ಲ.

ನಮ್ಮ ಕಡೆ ಮಳೆಗಾಲದಲ್ಲಿ ಇದು ಮಾಮೂಲಿ. ಧಾರವಾಡದ ತೇವದಲ್ಲಿ ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಹಾಕಿ ಕಪಾಟಿನಲ್ಲಿ ಮುಚ್ಚಿಟ್ಟರೆ ಗ್ಯಾರಂಟಿ ಬೂಸ್ಟು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಹದಿನೈದು ದಿನಕ್ಕೊಮ್ಮೆ ಹೊರಗೆ ತೆಗೆದು ಬಳಸುವುದು: ಇಷ್ಟು ಮಾಡಿದರೆ ಸಾಕು. ಹಳೇ ಲೆನ್ಸು ಕೊಳ್ಳುವವರು ಟಾರ್ಚ್ ಹಿಡಿಯದೆ ದುಡ್ಡು ಕೊಡಬೇಡಿ.

ವಾಪಸ್ ಬರುವಾಗ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಗಿರಮಿಟ್ ತಿನ್ನುತ್ತಾ ಕಾಕಾನ ಮೊಬೈಲ್ ಇಸಕೊಂಡೆ. ಇದನ್ನು ಮೊದಲನೇ ದಿನವೇ ಮಾಡಬೇಕಿತ್ತು. ಎರಡು ವರ್ಷದ ಫೋಟೋಗಳಲ್ಲಿ ಮದುವೆ, ಮುಂಜಿ, ಮೊಮ್ಮಗಳನ್ನು ಬಿಟ್ಟು ಗುಡ್ಡ-ಹೊಲದ್ದಷ್ಟೇ ಎಣಿಸಿದರೆ ಮುನ್ನೂರು ಚಿಲ್ಲರೆ. ಪ್ರತಿಯೊಂದರ ವಿವರ ತೆಗೆದು ನೋಡುತ್ತಾ ಹೋದೆ. ಇನ್ನೂರಕ್ಕೂ ಜಾಸ್ತಿ ಫೋಟೋದಲ್ಲಿ ಕಾಕಾ ಬೆರಳಿನಿಂದ ಎಳೆದು ಝೂಮ್ ಮಾಡಿದ್ದರು. ಮೂರು ಪಟ್ಟು, ಐದು ಪಟ್ಟು, ಕೆಲವು ಎಂಟು. ಎಲ್ಲಾ ಒಡೆದು ಹೋಗಿ ಬಣ್ಣ ಬಳಿದ ಹಾಗೆ ಕಾಣುತ್ತಿದ್ದವು.

ಇಲ್ಲಿ ನಾನು ಎಡವಿದೆ. ಲ್ಯಾಂಡ್‌ಸ್ಕೇಪ್ ಅಂದರೆ ವೈಡ್ ಲೆನ್ಸು ಅಂತ ನನ್ನ ತಲೆಯಲ್ಲಿ ಕೂತಿತ್ತು. ಎಲ್ಲರೂ ಹೇಳುವುದೂ ಅದನ್ನೇ ಅಲ್ವಾ. ಆ ಇನ್ನೂರು ಫೋಟೋಗಳನ್ನು ಕಾಕಾನ ಚಟ ಅಂತ ತಳ್ಳಿಹಾಕಿದೆ. "ಝೂಮ್ ಮಾಡೋ ಚಟ ಬಿಡ್ರಿ ಕಾಕಾ, ಒಂದು ಒಳ್ಳೆ ಅಲ್ಟ್ರಾ ವೈಡ್ ಹಾಕಿದ್ರೆ ಇಡೀ ಗುಡ್ಡ ಸಿಗ್ತದೆ" ಅಂದೆ. ಅವರು ತಲೆ ಆಡಿಸಿದರು. ಮಾಸ್ತರು ಮಂದಿ ಹುಡುಗರ ತಪ್ಪು ಉತ್ತರಕ್ಕೆ ತಲೆ ಆಡಿಸುತ್ತಾರಲ್ಲ, ಹಾಗೆ.

ಸೆಪ್ಟೆಂಬರಿನಲ್ಲಿ ಒಬ್ಬ ಗೆಳೆಯನ ಹತ್ತಿರ ಎರಡು ದಿನಕ್ಕೆ ಪೂರ್ತಿ ಸೆಟ್ ಕೇಳಿ ತಂದೆ: ನಿಕಾನ್ ಝಡ್ 50, ಜೊತೆಗೆ 16-50, 50-250, ಮತ್ತು ಅಲ್ಟ್ರಾ ವೈಡ್ 12-28. ಗೆಳೆಯ ಇಲ್ಲದವರಿಗೆ ಬಾಡಿಗೆ ಇದೆ. ಮದುವೆ ಸೀಸನ್ ಬಿಟ್ಟು ಕೇಳಿದರೆ ಸುಲಭವಾಗಿ ಸಿಗುತ್ತದೆ. ಒಂದು ಲಕ್ಷ ಖರ್ಚು ಮಾಡುವ ಮುಂಚೆ ಎರಡು ದಿನದ ಬಾಡಿಗೆ ಏನೂ ಅಲ್ಲ.

ಈ ಕ್ಯಾಮೆರಾದ ಸೆನ್ಸರ್ ಎಪಿಎಸ್-ಸಿ, ಅಂದರೆ ಸುಮಾರು 23.5×15.7 ಮಿಲಿಮೀಟರ್. ಫುಲ್ ಫ್ರೇಮ್ 36×24. ವಿಸ್ತೀರ್ಣದಲ್ಲಿ ಎರಡೂಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ. ಕತ್ತಲಲ್ಲಿ ಅದು ಕಾಣುತ್ತದೆ. ಟ್ರೈಪಾಡ್ ಮೇಲೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 100ರಲ್ಲಿ ತೆಗೆದ ಬೆಳಗಿನ ಗುಡ್ಡದಲ್ಲಿ ಕಾಣುವುದು ಕಷ್ಟ. ಝಡ್ 50ರ ಚಿತ್ರ 5568×3712 ಪಿಕ್ಸೆಲ್, ಇಂಚಿಗೆ 300ರಂತೆ ಪ್ರಿಂಟ್ ಹಾಕಿದರೆ ಹದಿನೆಂಟೂವರೆ ಇಂಚು ಅಗಲ. ಕಾಕಾಗೆ ಬೇಕಾದದ್ದು ಹದಿನೆಂಟು. ಇನ್ನು ಜಾಸ್ತಿ ಮೆಗಾಪಿಕ್ಸೆಲ್ ತಗೊಂಡು ಏನು ಮಾಡುವುದು?

ಮೊದಲ ದಿನ ಕಪ್ಪತಗುಡ್ಡ. ರಾತ್ರಿ ಮಳೆ ಬಂದು ನಿಂತಿತ್ತು. ಗೆಳೆಯನದೇ ಕಾರು, ಡೋಣಿ ಕಡೆಯಿಂದ ಹೋದೆವು. ಬೆಳಿಗ್ಗೆ ಆರರ ಹೊತ್ತಿಗೆ ರಸ್ತೆ ಬದಿಯಲ್ಲಿ ಟ್ರೈಪಾಡ್ ಹೂಡಿದೆವು. (ಈ ಗುಡ್ಡ 2019ರಿಂದ ವನ್ಯಜೀವಿ ಧಾಮ, ಒಳಗೆ ಹೋಗುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಿ.) ನಾನು ದೊಡ್ಡ ಜಂಬದಿಂದ 12-28 ಹಚ್ಚಿಕೊಟ್ಟೆ. ಕಾಕಾ ಕಣ್ಣಿಟ್ಟು ನೋಡಿದರು.

"ಗುಡ್ಡ ಎಲ್ಲಿ ಹೋತು?"

ಹೋಗಿತ್ತು, ನಿಜವಾಗಿಯೂ. 12ರಲ್ಲಿ ಮುಕ್ಕಾಲು ಪಾಲು ಆಕಾಶ, ಕಾಲು ಪಾಲು ರಸ್ತೆ ಬದಿಯ ಹುಲ್ಲು, ನಡುವೆ ಗುಡ್ಡ ಒಂದು ಹಸಿರು ಗೆರೆ. ನಮ್ಮ ಸೀಮೆ ನೋಡಿ. ಎರಿ ಹೊಲ, ಕಣ್ಣು ಹಾಯುವಷ್ಟು ಚಪ್ಪಟೆ, ಅದರಾಚೆ ಅಷ್ಟೇನೂ ಎತ್ತರವಿಲ್ಲದ ಗುಡ್ಡಗಳ ಸಾಲು. ಹಿಮಾಲಯದಲ್ಲಿ ಬೆಟ್ಟ ಮೂಗಿನ ಮೇಲೇ ನಿಂತಿರುತ್ತದೆ, ಅಲ್ಲಿಗೆ ವೈಡ್ ಸರಿ. ಇಲ್ಲಿ ವೈಡ್ ಹಾಕಿದರೆ ಇದ್ದ ಗುಡ್ಡವೂ ಹೊಲದಲ್ಲಿ ಮುಳುಗಿಹೋಗುತ್ತದೆ. ವೈಡ್ ಲೆನ್ಸು ಕೆಲಸ ಮಾಡಬೇಕಾದರೆ ಕಾಲ ಹತ್ತಿರ ಏನಾದರೂ ಗಟ್ಟಿ ವಸ್ತು ಇರಬೇಕು: ಒಂದು ಬಂಡೆ, ನೀರಿನ ಹೊಂಡ, ಎತ್ತಿನ ಗಾಡಿ, ಏನಾದರೂ. ಬರೀ ದೂರದ್ದನ್ನು ವೈಡಿನಲ್ಲಿ ತೆಗೆದರೆ ಎಲ್ಲಾ ಸಣ್ಣದಾಗುತ್ತದೆ, ಅಷ್ಟೇ.

ಕಾಕಾ ಕೇಳದೆಯೇ 50-250 ಕೈಗೆ ತಗೊಂಡರು. ಮೊಬೈಲಿನಲ್ಲಿ ಬೆರಳಿನಿಂದ ಎಳೆಯುತ್ತಿದ್ದವರು ಈಗ ಝೂಮ್ ರಿಂಗ್ ತಿರುಗಿಸಿದರು. 180ರ ಹತ್ತಿರ ನಿಂತರು. ಒಂದರ ಹಿಂದೆ ಒಂದು ಗುಡ್ಡದ ನಾಲ್ಕು ಸಾಲು ಫ್ರೇಮಿನಲ್ಲಿ ಒತ್ತೊತ್ತಾಗಿ ಬಂದು ಕೂತವು, ಹಿಂದಿನದು ಮುಂದಿನದಕ್ಕಿಂತ ಸ್ವಲ್ಪ ತಿಳಿ, ನಡುವಿನ ಕಣಿವೆಯಲ್ಲಿ ಮಂಜು, ಮೇಲಿನ ಏಣಿನ ಮೇಲೆ ಗಾಳಿ ಫ್ಯಾನುಗಳು. ಎಫ್ 8, ಐಎಸ್‌ಒ 100, ಸೆಕೆಂಡಿನ ಅರವತ್ತನೇ ಒಂದು ಭಾಗ. ಗಾಳಿ ಜೋರಿತ್ತು. ಟ್ರೈಪಾಡಿನ ನಡುಗಂಬಕ್ಕೆ ಚೀಲ ನೇತುಹಾಕಿ, ಎರಡು ಸೆಕೆಂಡಿನ ಟೈಮರ್ ಇಟ್ಟು ತೆಗೆದೆವು. ಉದ್ದ ಲೆನ್ಸಿನಲ್ಲಿ ಬೆರಳು ಒತ್ತಿದ ಅಲುಗಾಟವೂ ಕಾಣುತ್ತದೆ. ಪರದೆಯ ಮೇಲೆ ಆ ಫೋಟೋ ಬಂದಾಗ ಕಾಕಾ ಏನೂ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಆ ಇನ್ನೂರು ಒಡೆದ ಫೋಟೋಗಳಲ್ಲಿ ಅವರು ಹುಡುಕುತ್ತಿದ್ದದ್ದು ಇದನ್ನೇ. ಚಟ ಅಂತ ನಾನು ಅಂದದ್ದು ಅವರ ನೋಟ. ಈ ಸೀಮೆಯಲ್ಲಿ ಅರವತ್ತು ವರ್ಷ ಗುಡ್ಡ ನೋಡಿದವರಿಗೆ ಅದನ್ನು ಎಷ್ಟು ದೊಡ್ಡದಾಗಿ ನೋಡಬೇಕು ಅಂತ ಗೊತ್ತಿರುವುದಿಲ್ಲವೇ?

ಫೋಕಸ್ ವಿಷಯ ಒಂದು ಹೇಳಬೇಕು, ಮಾಸ್ತರಿಗೆ ಇದು ಬಹಳ ಹಿಡಿಸಿತು. 16 ಎಂಎಂ, ಎಫ್ 8. ಈ ಸೆನ್ಸರಿಗೆ ಲೆಕ್ಕ ಹಾಕಿದರೆ 1.6 ಮೀಟರ್ ದೂರಕ್ಕೆ ಫೋಕಸ್ ಇಟ್ಟರೆ 80 ಸೆಂಟಿಮೀಟರಿನಿಂದ ಅನಂತದವರೆಗೆ ಎಲ್ಲವೂ ಒಪ್ಪುವಷ್ಟು ಸ್ಪಷ್ಟ. ಕಾಕಾ ಎರಡೂ ಕೈ ಚಾಚಿ ನೋಡಿ, "ಅಂದ್ರ ಒಂದು ಮಾರು" ಅಂದರು. ಸರಿಯಾಗಿ ಒಂದು ಮಾರು, ಚೂರು ಹೆಚ್ಚೇ ಇರಲಿ. ಅವತ್ತಿನಿಂದ ವೈಡಿನಲ್ಲಿ ಅವರ ಫೋಕಸ್ ಅಂದರೆ ಒಂದು ಮಾರು ದೂರದ ಕಲ್ಲು. ಆದರೆ 200 ಎಂಎಂನಲ್ಲಿ ಅದೇ ಎಫ್ 8ಕ್ಕೆ ಆ ದೂರ 250 ಮೀಟರ್ ಆಗುತ್ತದೆ. ಹಾಗಾಗಿ ಉದ್ದ ಲೆನ್ಸಿನಲ್ಲಿ ಹತ್ತಿರದ ಜಾಲಿ ಗಿಡವೂ ದೂರದ ಗುಡ್ಡವೂ ಎರಡೂ ಬೇಕು ಅಂದರೆ ಆಗುವುದಿಲ್ಲ, ಗಿಡವನ್ನು ಬಿಡಬೇಕು.

ಎರಡನೇ ದಿನ ಲಕ್ಕುಂಡಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವೇಶ್ವರ, ಮುಸುಕಿನ ಬಾವಿ. ಟ್ರೈಪಾಡ್ ಬಿಚ್ಚುವ ಮುಂಚೆಯೇ ಕಾವಲುಗಾರರು ಬಂದು "ಸ್ಟ್ಯಾಂಡ್ ಇಡಂಗಿಲ್ರೀ ಸರ" ಅಂದರು. ಅವರು ಹೇಳಿದ್ದು ಸರಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು. ಟ್ರೈಪಾಡ್ ಇಲ್ಲದೆ ಕಂಬದ ಕತ್ತಲಲ್ಲಿ ಕೈಯಲ್ಲಿ ಹಿಡಿದು ತೆಗೆಯಬೇಕಾದಾಗ ಲೆನ್ಸಿನ ಒಳಗಿನ ಅಲುಗಾಟ ತಡೆಯುವ ವ್ಯವಸ್ಥೆ ಎಷ್ಟು ಮುಖ್ಯ ಅಂತ ಗೊತ್ತಾಗುತ್ತದೆ. ಝಡ್ 50ರ ಬಾಡಿಯಲ್ಲಿ ಅದು ಇಲ್ಲ, ಆದರೆ ಈ ಮೂರೂ ಲೆನ್ಸುಗಳಲ್ಲಿ ಇದೆ. ಐಎಸ್‌ಒ 1600, ಬೆನ್ನು ಗೋಡೆಗೆ ಆನಿಸಿ, ಉಸಿರು ಬಿಟ್ಟು ಒತ್ತಿದರೆ ಹತ್ತಕ್ಕೆ ಏಳು ಸರಿ ಬಂದವು.

ಗುಡಿಯ ಹೊರಗೆ ಇನ್ನೊಂದು ಪಾಠ. 16ರಲ್ಲಿ ಹತ್ತಿರ ನಿಂತು ಕ್ಯಾಮೆರಾ ಮೇಲಕ್ಕೆ ಎತ್ತಿದರೆ ಶಿಖರ ಹಿಂದಕ್ಕೆ ಬೀಳುವ ಹಾಗೆ ವಾಲುತ್ತದೆ. ಹಿಂದೆ ಹೋಗಲು ಜಾಗ ಇದ್ದರೆ ಐವತ್ತು ಹೆಜ್ಜೆ ಹಿಂದೆ ಹೋಗಿ, ಕ್ಯಾಮೆರಾ ನೆಟ್ಟಗೆ ಹಿಡಿದು, ಉದ್ದ ಲೆನ್ಸಿನಲ್ಲಿ ತೆಗೆದರೆ ಗೋಡೆ ಗೋಡೆಯ ಹಾಗೇ ನಿಲ್ಲುತ್ತದೆ. ಡಂಬಳದ ದೊಡ್ಡಬಸಪ್ಪ ಗುಡಿಗೆ ಇದು ಇನ್ನೂ ಮುಖ್ಯ. ಅದರ ಗರ್ಭಗುಡಿಯ ತಳವಿನ್ಯಾಸ 24 ಮೂಲೆಯ ನಕ್ಷತ್ರ. ಹತ್ತಿರದಿಂದ ವೈಡಿನಲ್ಲಿ ತೆಗೆದರೆ ಒಂದು ಮೂಲೆ ಮುಖಕ್ಕೆ ಬರುತ್ತದೆ, ಉಳಿದವು ಓಡಿಹೋಗುತ್ತವೆ.

ಅಲ್ಟ್ರಾ ವೈಡ್ ನಿಜವಾಗಿ ಬೇಕಾಗಿದ್ದು ಒಂದೇ ಕಡೆ. ಮುಸುಕಿನ ಬಾವಿ. ಮೆಟ್ಟಿಲ ಕೆಳಗೆ ನಿಂತರೆ ಹಿಂದೆ ಸರಿಯಲು ಜಾಗವಿಲ್ಲ, ಮೂರೂ ಕಡೆ ಸಣ್ಣ ಸಣ್ಣ ಗುಡಿಯ ಗೂಡುಗಳು ಮೈಮೇಲೆ ಬರುತ್ತವೆ. 12ರಲ್ಲಿ ಬಾವಿ ಪೂರ್ತಿ ಸಿಕ್ಕಿತು. 16ರಲ್ಲಿ ಸಿಗಲಿಲ್ಲ. 16ರಲ್ಲೇ ಕ್ಯಾಮೆರಾವನ್ನು ಉದ್ದುದ್ದ ತಿರುಗಿಸಿ ಹಿಡಿದು, ಪಕ್ಕಪಕ್ಕಕ್ಕೆ ಮೂರು ಫೋಟೋ ತೆಗೆದು ಮನೆಯಲ್ಲಿ ಹ್ಯೂಜಿನ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಜೋಡಿಸಿದೆ. ದೂರದ ಗೋಡೆ ಚೆನ್ನಾಗಿ ಕೂಡಿತು. ಹತ್ತಿರದ ಮೆಟ್ಟಿಲ ಅಂಚು ಒಂದು ಕಡೆ ಮುರಿದ ಹಾಗೆ ಬಂತು. ಕೈಯಲ್ಲಿ ಹಿಡಿದು ತಿರುಗಿದರೆ ಕ್ಯಾಮೆರಾದ ಜಾಗವೇ ಸ್ವಲ್ಪ ಸರಿಯುತ್ತದೆ, ಹತ್ತಿರದ ವಸ್ತುಗಳಿಗೆ ಅದು ಮೋಸ ಮಾಡುತ್ತದೆ. ಬಯಲಿನಲ್ಲಿ ಈ ತೊಂದರೆ ಇಲ್ಲ.

ಅಲ್ಲಿಗೆ ತೀರ್ಮಾನ ಹೆಚ್ಚುಕಡಿಮೆ ಆಗಿತ್ತು. ಬೇರೆ ಕಂಪನಿಗಳನ್ನು ನೋಡಲಿಲ್ಲ ಅಂತಲ್ಲ. ಕ್ಯಾನನ್ ಆರ್50 ಬರೀ 375 ಗ್ರಾಂ, ಕಾಕಾಗೆ ಹಿಡಿಸಿತ್ತು. ಆದರೆ ಅದರ ಕಿಟ್ ಲೆನ್ಸು 18ರಿಂದ ಶುರು, ಕ್ಯಾನನ್ನಿನ ಚಿಕ್ಕ ಸೆನ್ಸರಿಗೆ 1.6ರಿಂದ ಗುಣಿಸಿದರೆ ಫುಲ್ ಫ್ರೇಮಿನ 29ಕ್ಕೆ ಸಮ. ನಿಕಾನಿನ 16 ಅಂದರೆ 24ಕ್ಕೆ ಸಮ. ಕಾಗದದ ಮೇಲೆ ಐದು ಅಂಕಿ, ಗುಡಿಯ ಒಳಗೆ ಒಂದು ಕಂಬದ ವ್ಯತ್ಯಾಸ. ಸೋನಿ ಎ6400ರ ಹಿಡಿಕೆ ಅವರ ಕೈಗೆ ಚಿಕ್ಕದಾಯಿತು, ಕಿರುಬೆರಳು ಹೊರಗೇ ಉಳಿಯುತ್ತಿತ್ತು. ಫೂಜಿ ಚೆಂದ, ಆದರೆ ಲೆನ್ಸು ಸೇರಿಸಿದರೆ ಬಜೆಟ್ ಹಾರಿಹೋಗುತ್ತದೆ. ಲೆನ್ಸು ಬಿಚ್ಚಲು ಬಾರದ, ದೊಡ್ಡ ಝೂಮಿನ ಬ್ರಿಜ್ ಕ್ಯಾಮೆರಾ ಒಂದನ್ನು ಯಾರೋ ಹೇಳಿದರು. ಅದರ ಸೆನ್ಸರ್ ಇದಕ್ಕಿಂತ ಹದಿಮೂರು ಪಟ್ಟು ಸಣ್ಣದು, ಮೊಬೈಲಿನಿಂದ ಮೊಬೈಲಿಗೇ ಹೋದಂತೆ.

ಅಕ್ಟೋಬರಿನಲ್ಲಿ, ದಸರೆಗೆ ಮುಂಚೆ, ಹುಬ್ಬಳ್ಳಿಯಲ್ಲಿ ಜಿಎಸ್‌ಟಿ ಬಿಲ್ ಮತ್ತು ವಾರಂಟಿ ಸಮೇತ ಝಡ್ 50 ಎರಡು ಲೆನ್ಸಿನ ಕಿಟ್ ಕೊಂಡೆವು. ಬಾಡಿ 450 ಗ್ರಾಂ, 16-50 ಲೆನ್ಸು 135, 50-250 ಲೆನ್ಸು 405. ಕೂಡಿಸಿ 990. ಮೂರು ಕಿಲೋ ಹಿಟ್ಟು ಒಂದು ಕಿಲೋಕ್ಕೆ ಇಳಿಯಿತು. ಉಳಿದ ದುಡ್ಡಿನಲ್ಲಿ ಗಟ್ಟಿಯಾದ ಟ್ರೈಪಾಡ್, ಎರಡನೇ ಬ್ಯಾಟರಿ (ಒಂದು ಬ್ಯಾಟರಿ ಸುಮಾರು 300 ಫೋಟೋಕ್ಕೆ ಬರುತ್ತದೆ, ದಿನವಿಡೀ ತಿರುಗಾಡುವವರಿಗೆ ಸಾಲದು), ಕಾರ್ಡು, ಗಾಳಿ ಊದುವ ರಬ್ಬರ್ ಬ್ಲೋಯರ್, 50-250ರ ಮುಂದೆ ತಿರುಪಿ ಹಾಕಲು 62 ಎಂಎಂ ಅಗಲದ ಪೋಲರೈಸರ್ ಫಿಲ್ಟರ್. ಪೋಲರೈಸರ್ ಮಳೆ ಬಿದ್ದ ಹುಲ್ಲಿನ, ಎಲೆಯ ಬಿಳಿ ಹೊಳಪನ್ನು ಕಡಿಮೆ ಮಾಡಿ ಹಸಿರನ್ನು ಹೊರಗೆ ತರುತ್ತದೆ. ಸೂರ್ಯ ನಮ್ಮ ಹೆಗಲ ಪಕ್ಕಕ್ಕೆ ಇದ್ದಾಗ ಅದರ ಕೆಲಸ ಜಾಸ್ತಿ. ವೈಡ್ ಲೆನ್ಸಿಗೆ ಹಾಕಿದರೆ ಆಕಾಶದ ಅರ್ಧ ಕಡುನೀಲಿ, ಅರ್ಧ ತಿಳಿ ಆಗಿ ಬರುತ್ತದೆ, ಹಾಗಾಗಿ 16-50ಕ್ಕೆ ಕೊಳ್ಳಲಿಲ್ಲ. ಎಲ್ಲಾ ಸೇರಿ ಬಜೆಟ್ಟಿನಲ್ಲಿ ಎಂಟು ಸಾವಿರ ಉಳಿಯಿತು.

ಡಬ್ಬಿಯನ್ನು ಕಾಕು ಕಣ್ಣಿಗೆ ಬೀಳದಂತೆ ಒಳಗೆ ಒಯ್ಯಲು ಕಾಕಾ ಏನೇನೋ ಉಪಾಯ ಮಾಡಿದ್ದರು. ಕಾಕು ಬಾಗಿಲಲ್ಲೇ ನಿಂತಿದ್ದರು. "ಹಿಟ್ಟಿನ ಚೀಲ ಕೊಳ್ಳಾಗ ಹಾಕ್ಕೊಂಡು ಮಾಳಿಗಿ ಹತ್ತಿದಾಗ್ಲೇ ನನಗ ತಿಳದಿತ್ತು. ಎಷ್ಟು ಆತು ಹೇಳ್ರಿ" ಅಂದರು.

ಮುಂದಿನ ತಿಂಗಳೇ, ನವೆಂಬರಿನಲ್ಲಿ, ನಿಕಾನ್ ಝಡ್ 50 ಮಾರ್ಕ್ 2 ಘೋಷಣೆ ಮಾಡಿತು. ಕಾಕಾನ ಫೋನು ಬಂತು, ದನಿಯಲ್ಲಿ ಸಿಟ್ಟು. ನಾನು ಮಾರ್ಕ್ 2ರ ವಿವರ ಓದಿ ಹೇಳಿದೆ: ಸೆನ್ಸರಿನ ಮೆಗಾಪಿಕ್ಸೆಲ್ ಅದೇ 20.9, ಸುಧಾರಿಸಿದ್ದು ಮುಖ್ಯವಾಗಿ ಓಡುವುದನ್ನು, ಹಾರುವುದನ್ನು ಹಿಡಿಯುವ ಫೋಕಸ್ ಮತ್ತು ವಿಡಿಯೋ. "ನಿಮ್ಮ ಗುಡ್ಡ ಓಡ್ತದೇನ್ರಿ ಕಾಕಾ?" ಅಂದೆ. ಫೋನ್ ಇಟ್ಟರು. ಎರಡು ದಿನ ಮಾತಿಲ್ಲ.

ಎಲ್ಲಾ ಸುಸೂತ್ರ ಆಯಿತು ಅಂತಲ್ಲ. ಜನವರಿಯಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋದರು. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಬರುವ ಕೆರೆ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಹಕ್ಕಿ ಬ್ಯಾಡ ಅಂದಿದ್ದವರು ಹಕ್ಕಿ ನೋಡಿ ಬದಲಾದರು. 250 ಸಾಲಲಿಲ್ಲ. 180-600 ಲೆನ್ಸಿನ ಬಗ್ಗೆ ವಿಚಾರಿಸಿದರು. ಅದು ಒಂದೇ ಎರಡು ಕಿಲೋ ಹತ್ತಿರ ಅಂದಕೂಡಲೇ ಸುಮ್ಮನಾದರು. ಅವತ್ತಿನ ಫೋಟೋಗಳಲ್ಲಿ ಚೆನ್ನಾಗಿ ಬಂದದ್ದು ಒಂದು: ಬೆಳಗಿನ ನೀರು, ಅದರ ಮೇಲೆ ಎದ್ದ ಹಿಂಡು, ಹಕ್ಕಿಗಳು ಬರೀ ಚುಕ್ಕೆ. ಅದು ಹಕ್ಕಿ ಫೋಟೋ ಅಲ್ಲ, ಕೆರೆ ಫೋಟೋ. ನನಗೆ ಅದೇ ಇಷ್ಟ.

ಅದೇ ತಿಂಗಳು ಕಪ್ಪತಗುಡ್ಡದ ಗಾಳಿಯಲ್ಲಿ ನಿಂತು ಲೆನ್ಸು ಬದಲಿಸಿದರು. ಸೆನ್ಸರ್ ಮೇಲೆ ಧೂಳು ಕೂತು, ಎಫ್ 11ರಲ್ಲಿ ತೆಗೆದ ಎಲ್ಲಾ ಆಕಾಶದಲ್ಲೂ ಒಂದೇ ಜಾಗಕ್ಕೆ ಕರಿ ಚುಕ್ಕೆ. ಬ್ಲೋಯರ್ ಮನೆಯಲ್ಲಿ ಬಿಟ್ಟು ಬಂದಿದ್ದರು. ಈಗ ಬಸ್ ಇಳಿಯುವ ಮುಂಚೆಯೇ ಸೀಟಿನಲ್ಲಿ ಕೂತು ಯಾವ ಲೆನ್ಸು ಬೇಕೋ ಅದನ್ನು ಹಚ್ಚಿಕೊಂಡು ಇಳಿಯುತ್ತಾರೆ.

ಉದ್ದ ಲೆನ್ಸಿನ ಇನ್ನೊಂದು ಕಿರಿಕಿರಿ ಬೇಸಿಗೆಯಲ್ಲಿ ಗೊತ್ತಾಯಿತು. ಮಾರ್ಚಿನಿಂದ ಗಾಳಿಯಲ್ಲಿ ಧೂಳು, ಬಿಸಿಲ ಝಳ. ಐದಾರು ಕಿಲೋಮೀಟರ್ ದೂರದ ಗುಡ್ಡವನ್ನು 200ರಲ್ಲಿ ತೆಗೆದರೆ ಹಾಲು ಕಲಸಿದ ಹಾಗೆ ಬೆಳ್ಳಗೆ, ಅಂಚುಗಳು ನಡುಗಿದ ಹಾಗೆ. ಪೋಲರೈಸರ್ ಸ್ವಲ್ಪ ಸಹಾಯ ಮಾಡುತ್ತದೆ, ಪೂರ್ತಿ ಅಲ್ಲ. ಮಳೆ ಬಂದು ನಿಂತ ಮರುದಿನದ ಬೆಳಗ್ಗೆಗೆ ಕಾಯಬೇಕು, ಬೇರೆ ದಾರಿ ಇಲ್ಲ. ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಕಚ್ಚಾ ಚಿತ್ರ, ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಬೇಕು) ಬಗ್ಗೆ ಕಾಕಾ ಇನ್ನೂ ಪೂರ್ತಿ ಒಪ್ಪಿಲ್ಲ, "ಕಂಪ್ಯೂಟರ್ ಮುಂದ ಕುಂಡ್ರೂದು ಬ್ಯಾಡ" ಅನ್ನುತ್ತಾರೆ. ಕರೀ ಎರಿ ಮಣ್ಣು, ಮೇಲೆ ಬೆಳಗುವ ಆಕಾಶ, ಎರಡನ್ನೂ ಉಳಿಸಿಕೊಳ್ಳಬೇಕಾದರೆ ರಾ ಬೇಕು. ಜೆಪೆಗ್ ಜೊತೆ ರಾ ಕೂಡ ಉಳಿಯುವ ಹಾಗೆ ನಾನೇ ಸೆಟ್ ಮಾಡಿಟ್ಟಿದ್ದೇನೆ. ಮೆಚ್ಚಿದ ಒಂದೆರಡನ್ನು ನನಗೆ ಕಳಿಸುತ್ತಾರೆ.

ಏಪ್ರಿಲ್ 2025ರಲ್ಲಿ ಕೂತು ಎಣಿಸಿದೆವು. ಆರು ತಿಂಗಳಲ್ಲಿ ಕಾಕಾ ತಾವೇ ಆರಿಸಿ ಇಟ್ಟುಕೊಂಡ ಫೋಟೋ 84. ಅದರಲ್ಲಿ 51 ಉದ್ದ ಲೆನ್ಸಿನವು, 33 ಕಿಟ್ ಲೆನ್ಸಿನವು, ಆ 33ರಲ್ಲೂ ಗುಡಿಯ ಒಳಗಿನವೇ ಜಾಸ್ತಿ. ಗೋಡೆಗೆ ಹಚ್ಚಿದ್ದು ಮೂರು. ಮೂರೂ ಉದ್ದ ಲೆನ್ಸಿನವು. ಅವತ್ತು ನನ್ನ ಮಾತು ಕೇಳಿ 50-250 ಬಿಟ್ಟು 12-28 ತಗೊಂಡಿದ್ದರೆ ಗೋಡೆ ಖಾಲಿ ಇರುತ್ತಿತ್ತು.

ಹಾಗಂತ ಕಾಕಾ ಸುಮ್ಮನಿರುವವರಲ್ಲ. ಹೋದ ವಾರ ಫೋನ್ ಮಾಡಿ, ಉಳಿದ ಎಂಟು ಸಾವಿರಕ್ಕೆ ಇನ್ನಷ್ಟು ಸೇರಿಸಿ ಆ ಅಲ್ಟ್ರಾ ವೈಡ್ ತಗೋಬೇಕು, ಮುಸುಕಿನ ಬಾವಿ ತಲೆಯಿಂದ ಹೋಗವಲ್ದು ಅಂದರು.

"ಬಾವಿಗೆ ವರ್ಷದಾಗ ಎಷ್ಟು ಸಲ ಹೋಗ್ತೀರಿ ಕಾಕಾ?"

"ಎರಡು. ಭಾಳ ಅಂದ್ರ ಮೂರು."

"ಅಷ್ಟಕ್ಕ ಲೆನ್ಸು ಕೊಳ್ಳೂದ್ಯಾಕ್ರಿ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಹಂಗಾರ ನಿನ್ನ ಗೆಳೆಯಗ ಫೋನ್ ಹಚ್ಚು. ರವಿವಾರ ಬಂದು ಇಸಗೊಂಡು ಹೋಗ್ತೀನಿ."